ದನಗಳು ಕಾಣುವ ಮನೆ

ಬೆಳಗಿನ ನಾಲ್ಕೂವರೆ. ಅಬುಧಾಬಿಯ ಬನಿಯಾಸ್‌ನಲ್ಲಿ ಬೀದಿದೀಪಗಳು ಇನ್ನೂ ಉರಿಯುತ್ತಿವೆ. ಮರದ ವರ್ಕ್‌ಶಾಪಿನ ಮೂಲೆಯಲ್ಲಿ ಶೀನಪ್ಪ ಆಚಾರಿ ನೆಲದ ಮೇಲೆ ಕೂತು, ಬೆಂಕಿಕಡ್ಡಿಯಷ್ಟು ಸಣ್ಣ ಬೆಣೆಯೊಂದನ್ನು ತೊಲೆಯಿಂದ ಹೊರಕ್ಕೆ ತಟ್ಟುತ್ತಿದ್ದಾರೆ. ನಲವತ್ತು ದಿನ ಕೂತು ಕಟ್ಟಿದ ಪುಟ್ಟ ಮಾದರಿ ಮನೆಯನ್ನು ಈಗ ಬಿಚ್ಚಬೇಕು. ಇವತ್ತು ಸೋಮವಾರ, ಗುರುವಾರ ಅದು ವಿಮಾನ ಹತ್ತಬೇಕು.

ಕಾರ್ಕಳ ಕಡೆಯ ಶೀನಪ್ಪನವರು ಇಲ್ಲಿಗೆ ಬಂದು ಈ ೨೦೦೩ಕ್ಕೆ ಹತ್ತೊಂಬತ್ತು ವರ್ಷ. ದಿನಕ್ಕೆ ನಾಲ್ಕು ಬಾಗಿಲು ಅವರ ಕೈಯಿಂದ ಹೊರಡುತ್ತವೆ. ಆ ಬಾಗಿಲುಗಳನ್ನು ದಾಟಿ ಒಂದು ಮನೆಯೊಳಕ್ಕೂ ಅವರು ಹೋದವರಲ್ಲ. ಮರದ ಹುಡಿ ಎದೆಗಿಳಿದು ಕೆಮ್ಮು ಅಂಟಿಕೊಂಡಿದೆ. ಊರಿನಿಂದ ಹೆಂಡತಿ ಜಲಜಾಕ್ಷಿ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಆ ಕೆಮ್ಮಿನ ಸಮಾಚಾರವನ್ನೇ.

ಈ ಮನೆಯ ಕೆಲಸ ತಂದವರು ಗರ್ಟ್ರೂಡ್, ಇಲ್ಲಿನ ಆಸ್ಪತ್ರೆಯಿಂದ ನಿವೃತ್ತರಾಗಿ ಊರಿಗೆ ಮರಳುತ್ತಿರುವ ಜರ್ಮನ್ ನರ್ಸ್. ಅವರದು ಉತ್ತರ ಜರ್ಮನಿಯ ಊಲೆನ್‌ಮೂರ್, ಏಳುನೂರು ಜನರ ಹಳ್ಳಿ. ಅಲ್ಲಿ ಕಡೆಯದಾಗಿ ಉಳಿದಿದ್ದ, ಹುಲ್ಲಿನ ಛಾವಣಿಯ ಹಳೇ ರೈತಮನೆ ಬಿರುಗಾಳಿಗೆ ಬಿದ್ದುಹೋಗಿದೆ. ಅದು ಗರ್ಟ್ರೂಡರ ಅಜ್ಜಿಯ ಮನೆ. ಅದರದೇ ಮಾದರಿಯೊಂದು ಪಂಚಾಯತಿ ಕಚೇರಿಯಲ್ಲಿರಲಿ, ಮಕ್ಕಳು ನೋಡಲಿ ಎಂದು ಊರವರ ಆಸೆ.

ಶೀನಪ್ಪನವರು ಗರ್ಟ್ರೂಡ್ ಕೊಟ್ಟ ನಕ್ಷೆಯಂತೆ ಮೊಳೆಯಿಲ್ಲದೆ, ಅಂಟಿಲ್ಲದೆ, ಮುನ್ನೂರ ಹನ್ನೆರಡು ಬೆಣೆಗಳಲ್ಲಿ ಮನೆ ನಿಲ್ಲಿಸಿದರು. ಕಸಬರಿಕೆ ಹುಲ್ಲು ಸೀಳಿ ಮಾಡು ಹೊದಿಸಿದರು. ಹತ್ತು ದನಗಳನ್ನೂ ಕೆತ್ತಿದರು. ಆದರೆ ದನ ಕಟ್ಟುವ ಜಾಗಕ್ಕೂ ಒಲೆಗೂ ನಡುವೆ ತಾವಾಗಿಯೇ ಒಂದು ಗೋಡೆ ಎಬ್ಬಿಸಿದರು.

"ನಕ್ಷೆಯಲ್ಲಿಲ್ಲದ ಗೋಡೆ ಎಲ್ಲಿಂದ ಬಂತು ಆಚಾರ್ರೇ? ನಿಮ್ಮ ಅಜ್ಜ ಜರ್ಮನಿಯಲ್ಲಿದ್ರಾ?" ಎಂದು ಫೋರ್‌ಮನ್ ಕಜೆತಾನ್ ಕೆಣಕುತ್ತಾರೆ.

"ಗೆರೆ ಹಾಕಿದವರು ಮರೆತಿರ್ಬೇಕು ಅಂತ ಮಾಡಿದೆ ಮಾರಾಯ್ರೆ. ಮೇಡಮ್ಮನ ಮನೆಯವರು ದನದ ಒಟ್ಟಿಗೆ ಮಲಗ್ತಿದ್ರು ಅಂತ ಊರಿಗೆಲ್ಲ ತೋರಿಸುದಾ? ಮರ್ಯಾದೆ ಉಂಟಲ್ಲ."

ನಿನ್ನೆ ಗರ್ಟ್ರೂಡ್ ಬಂದವರೇ ಗೋಡೆಯ ಮೇಲೆ ಬೆರಳಿಟ್ಟು, ಇದು ಬೇಡ ಎಂದರಂತೆ. ಆಮೇಲೆ ಹೇಳಿದ್ದನ್ನು ಕಜೆತಾನ್ ಕನ್ನಡಕ್ಕೆ ತಂದರು. ಆ ಊರಿನ ಮನೆಗಳಲ್ಲಿ ಒಲೆಯ ಬುಡದಲ್ಲಿ ಕೂತ ಹೆಂಗಸಿಗೆ ಮಕ್ಕಳು, ದನಗಳು, ದೊಡ್ಡ ಬಾಗಿಲು ಎಲ್ಲವೂ ಕಾಣಬೇಕು. ಅಜ್ಜಿ ಏಳಲಾಗದೆ ಮಲಗಿದ ಕೊನೆಯ ಚಳಿಗಾಲದಲ್ಲಿ, ಹಾಸಿಗೆಯಿಂದಲೇ ಒಂದೊಂದು ದನವನ್ನೂ ಹೆಸರು ಹಿಡಿದು ಕರೆದು ಮಾತಾಡಿಸುತ್ತಿದ್ದಳು. "ಗೋಡೆ ಇದ್ದರೆ ಅಜ್ಜಿ ಒಬ್ಬಳೇ ಆಗ್ತಾಳಂತೆ," ಎಂದರು ಕಜೆತಾನ್.

ಗರಗಸ ಹಾಕಿ ಗೋಡೆ ಕೊಯ್ದರೆ ಅರ್ಧ ಗಂಟೆಯಲ್ಲಿ ಖಲಾಸ್ ಎಂಬುದು ಕಜೆತಾನ್ ಸಲಹೆ. ಶೀನಪ್ಪನವರು ಒಪ್ಪುವುದಿಲ್ಲ, ಕೊಯ್ದರೆ ಕಂಬಗಳ ಮೇಲೆ ಗಾಯ ಉಳಿಯುತ್ತದೆ. ಮಾಡು ಇಳಿಸಿ, ತೊಂಬತ್ತನಾಲ್ಕು ಬೆಣೆ ಕಿತ್ತು, ಗೋಡೆ ತೆಗೆದು ಮತ್ತೆ ಜೋಡಿಸಬೇಕು. ಕಂಪನಿಯ ಬಾಗಿಲು ಕೆಲಸ ಏಳು ಗಂಟೆಗೆ ಶುರು. ಅದಕ್ಕೇ ನಾಲ್ಕೂವರೆಗೇ ಬಂದು ಕೂರುವುದು.

ಬುಧವಾರ ಸಂಜೆ ಮನೆ ಮತ್ತೆ ಎದ್ದು ನಿಂತಿದೆ. ಗರ್ಟ್ರೂಡ್ ಮರದ ಹುಡಿಯ ನೆಲಕ್ಕೇ ಕೆನ್ನೆ ಹಚ್ಚಿ, ಅಂಗೈಯಗಲದ ದೊಡ್ಡ ಬಾಗಿಲಿನಿಂದ ಒಳಗೆ ನೋಡುತ್ತಾರೆ. ಬಹಳ ಹೊತ್ತು ಏಳುವುದಿಲ್ಲ. ಕೆನ್ನೆಯ ಹುಡಿ ಒರೆಸಿಕೊಳ್ಳಲಿ ಎಂದು ಶೀನಪ್ಪನವರು ಬೈರಾಸು ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ.

ಆ ಜರ್ಮನ್ ಊರನ್ನೊಮ್ಮೆ ನೋಡುವ ಆಸೆ ಇಲ್ಲವೇ ಎಂದು ಕೇಳಿದರೆ ಶೀನಪ್ಪನವರು ನಾಚುತ್ತಾರೆ.

"ಹೋಗ್ಲಿಕ್ಕೆ ಆಗದಿದ್ರೂ ಬೇಜಾರಿಲ್ಲ. ಆ ಮನೆಯಲ್ಲಿ ಕರೆಂಟು ಹೋದ್ರೂ ನಾನು ಎಡವದೆ ಅಜ್ಜಿಯ ಹಾಸಿಗೆವರೆಗೆ ಹೋಗ್ತೇನೆ."