ಸ್ಪಿರಿಟ್ ಹಚ್ಚಿದ ರೆಕಾರ್ಡುಗಳು

ಡೊರೀನ್ ಆಂಟಿ, ಲೆಸ್ಲಿ ಅಂಕಲ್ ಅವರ ರೆಕಾರ್ಡುಗಳನ್ನು ಹಾಳು ಮಾಡಿದ್ದು ನೀವಲ್ಲ, ನಾನು. ನಿಮ್ಮ ಒಲೆಯ ಬಿಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದು ನನ್ನ ಬಾಯಿಗೆ ಬಂದ ಸುಳ್ಳು — ಅಷ್ಟು ಸಲೀಸಾಗಿ ಹೇಗೆ ಬಂತು ಎಂದು ಈಗಲೂ ದಿಗಿಲಾಗುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಆರ್.ಟಿ. ನಗರದಲ್ಲಿ ನನ್ನದೊಂದು ಅಂಗಡಿ. ಗಿರಾಕಿಗಳು ಕೇಳಿದ ಹಾಡುಗಳನ್ನು ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದೆ. ನಿಮ್ಮ ಮನೆ ಅಂಗಡಿಯ ಹಿಂದೆಯೇ. ಒಂದು ಬೆಳಿಗ್ಗೆ ಅಂಕಲ್ ದಿಂಬಿನ ಚೀಲದಲ್ಲಿ ಮೂರು ಹಳೆಯ ರೆಕಾರ್ಡು ತಂದರು. ಹರೆಯದಲ್ಲಿ ಅವರು ಕಂಟೋನ್ಮೆಂಟಿನ ಡಾನ್ಸ್ ಹಾಲುಗಳಲ್ಲಿ ಟ್ರಂಪೆಟ್ ಊದುತ್ತಿದ್ದ ದೊಡ್ಡ ಜಾಝ್ ಬ್ಯಾಂಡು ಮೊಟ್ಟಮೊದಲು ಮಾಡಿದ ರೆಕಾರ್ಡುಗಳವು. ಕಂಪನಿಯವರು ಪರೀಕ್ಷೆಗೆಂದು ಒತ್ತಿಸಿ, ಮಾರಾಟಕ್ಕೆ ಬಿಡದೆ ಸುಮ್ಮನಾಗಿದ್ದರಂತೆ. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

"ಹಲ್ಲು ಹೋದ್ಮೇಲೆ ಊದಕ್ಕಾಗಲ್ಲ ಮ್ಯಾನ್. ನಾನು ಊದಿದ್ದು ಅಂತ ಉಳಿದಿರೋದು ಇಷ್ಟೇ. ಹುಷಾರು ಮಂಜು," ಎಂದರು.

ಟೇಪ್ ರೆಕಾರ್ಡರಿನಲ್ಲಿ ಟೇಪು ತಾಗಿ ಹರಿಯುವ ಹೆಡ್ಡನ್ನು ದಿನಾ ಬೆಳಿಗ್ಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು ನಮ್ಮ ಕಸುಬಿನ ರೂಢಿ. ಹೆಡ್ಡು ಒರೆಸಿ ಮುಗಿಸಿದೆ. ರೆಕಾರ್ಡುಗಳ ಮೇಲೆ ಬೂಷ್ಟು ಕಂಡಿತು. ಅದೇ ಸ್ಪಿರಿಟ್ಟಿನಿಂದ ಅದನ್ನೂ ಒರೆಸಿದೆ. ಹತ್ತಿ ಕಪ್ಪಾಯಿತು. ಅಬ್ಬಾ, ಎಷ್ಟು ಕೊಳೆ ಎಂದು ಖುಷಿಯಾಗಿ ಇನ್ನಷ್ಟು ಉಜ್ಜಿದೆ — ಮೂರನ್ನೂ, ಎರಡೂ ಬದಿ. ಆ ಕಾಲದ ರೆಕಾರ್ಡು ಅರಗಿನದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಪಕ್ಕದ ಬಡಗಿ ಪಾಲಿಶ್ ತಯಾರಿಸುವಾಗ ಕಣ್ಣಾರೆ ನೋಡಿದ್ದೆ. ಆದರೂ, ಆ ಹೊತ್ತಿಗೆ...

ಮುಳ್ಳು ಇಟ್ಟೆ. ಬರೀ ಬುಸುಗುಡುವ ಸದ್ದು. ಮುಳ್ಳು ಒಂದು ಕಡೆ ನಿಲ್ಲದೆ ಜಾರಿಹೋಯಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಒಬ್ಬ ಮನುಷ್ಯನ ಇಡೀ ಹರೆಯವನ್ನು ಉಜ್ಜಿ ತೆಗೆದಿದ್ದೆ.

ಸಂಜೆ ನೀವಿಬ್ಬರೂ ಬಂದಿರಿ. ನೀವು ಒಳ್ಳೆಯ ಸೀರೆ... ಅಲ್ಲ, ಚರ್ಚಿಗೆ ಹಾಕುವ ಆ ನೀಲಿ ಫ್ರಾಕು ಹಾಕಿದ್ದಿರಿ. ಅಂಕಲ್ ಊದಿದ್ದನ್ನು ಕೇಳಲು ಬಂದಿದ್ದಿರಿ. ನಾನು ತಲೆ ಎತ್ತದೆ ಅಂದೆ: "ಮನೇಲಿ ಎಲ್ಲಿಟ್ಟಿದ್ರಿ ಅಂಕಲ್? ಶಾಖ ತಗುಲಿ ಎಲ್ಲಾ ಕರಗೋಗಿದೆ."

"ಅಡಿಗೆಮನೆ ಅಟ್ಟದ ಮೇಲೆ," ಎಂದಿರಿ ನೀವು. "ನಾನೇ ಇಟ್ಟಿದ್ದೆ."

ಅಂಕಲ್ ಬೈಯಲಿಲ್ಲ. ನಿಮ್ಮ ಮುಖವನ್ನೊಮ್ಮೆ ನೋಡಿ ಖಾಲಿ ಚೀಲ ಮಡಿಸಿಕೊಂಡು ನಡೆದುಬಿಟ್ಟರು. ನೀವು ಹಿಂದೆ ಹಿಂದೆ ಓಡಿದಿರಿ. ಆಗಲಾದರೂ ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಅಂಗಡಿಯ ಹೆಸರು ಕೆಡುತ್ತದೆ ಎಂಬ ಹೆದರಿಕೆ — ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇಲ್ಲ.

ಆಮೇಲೆ ನಿಮ್ಮ ಮನೆಯಲ್ಲಿ ರೇಡಿಯೋ ಹಾಡಿದ್ದನ್ನು ನಾನು ಕೇಳಲಿಲ್ಲ. ಕೆಲವು ವರ್ಷ ಕಳೆದು ಅಂಕಲ್ ಆಸ್ಪತ್ರೆ ಸೇರಿದಾಗ ನೋಡಲು ಹೋಗಿದ್ದೆ. ನೀವು ಔಷಧಿ ತರಲು ಕೆಳಗಿಳಿದಿದ್ದಿರಿ. ಅವರು ನನ್ನ ಕೈ ಹಿಡಿದು, "ಪಾಪ, ಡೊರೀನ್ ನಿನ್ನೆ ತುಂಬಾ ಅತ್ಲು ಕಣೋ, ಆ ರೆಕಾರ್ಡ್ ವಿಷ್ಯಕ್ಕೆ. ಹೋಗ್ಲಿ ಬಿಡು, ಕ್ಷಮಿಸಿದೀನಿ ಅಂದೆ," ಎಂದರು.

ಅವರಿನ್ನೂ ಬದುಕಿದ್ದರು, ಕಿವಿ ಕೇಳಿಸುತ್ತಿತ್ತು, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು — ಕಿತ್ತಳೆ ಸುಲಿದುಕೊಟ್ಟೆ.

ನೀವು ಮಾಡದ ತಪ್ಪಿಗೆ ನಿಮ್ಮನ್ನು ಕ್ಷಮಿಸಿ ಅವರು ಹೊರಟುಹೋದರು ಆಂಟಿ. ಅವರಿಗೆ ನಿಜ ಹೇಳುವ ದಾರಿ ಇನ್ನಿಲ್ಲ. ನೀವು ಹೆಬ್ಬಾಳದಲ್ಲಿ ತಂಗಿಯ ಮನೆಯಲ್ಲಿದ್ದೀರಿ ಎಂದು ಗೊತ್ತಾಗಿದೆ. ಭಾನುವಾರ ಬಂದು ಇದನ್ನೆಲ್ಲ ನಿಮ್ಮೆದುರೇ ಹೇಳುತ್ತೇನೆ. ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ.