ಸೆಲ್ವಿ ಮೇಡಂ ಅವರನ್ನು ನಾವು ಬಿಟ್ಟುಕೊಡದ ದಿನ

ಕೋವಿಡ್ ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷ ನಾನು ಬೂದಿಕೋಟೆ ಹೋಬಳಿಯ ನಮ್ಮ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹಾಲು ಅಳೆಯುವವನಾಗಿ ಅಲ್ಲಿಗೆ ಸೇರಿದವನು, ಅಲ್ಲಿಂದಲೇ ನಿವೃತ್ತನಾದೆ. ಊರಿನವರು ಸಂಘ ಎನ್ನುವುದಿಲ್ಲ, ಡೇರಿ ಎನ್ನುತ್ತಾರೆ. ಹಸು ಇರುವ ಪ್ರತಿ ಮನೆಯಿಂದ ಯಾರಾದರೂ ದಿನಕ್ಕೆ ಎರಡು ಸಲ ಡೇರಿಗೆ ಬರಲೇಬೇಕು. ಹಾಗಾಗಿ ಊರಿನಲ್ಲಿ ಯಾವ ಸುದ್ದಿ ಹಬ್ಬಬೇಕಾದರೂ, ಯಾವ ತೀರ್ಮಾನ ಆಗಬೇಕಾದರೂ ಅದು ನನ್ನ ಕಿಟಕಿಯ ಮುಂದೆಯೇ ಆಗುತ್ತಿತ್ತು.

ಡೇರಿಯ ಪಕ್ಕದಲ್ಲೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಅಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದವರು ಸೆಲ್ವಿ ಮೇಡಂ. ಅವರ ಮನೆ ಕೆಜಿಎಫ್‌ನ ಕೋರಮಂಡಲ್‌ನಲ್ಲಿ. ಗಣಿ ಕಾರ್ಮಿಕರ ಮಗಳು, ಮನೆಮಾತು ತಮಿಳು. ಬೆಳಿಗ್ಗೆ ಅಲ್ಲಿಂದ ಬಂಗಾರಪೇಟೆಗೆ ಒಂದು ಬಸ್ಸು, ಬಂಗಾರಪೇಟೆಯಿಂದ ನಮ್ಮೂರಿಗೆ ಇನ್ನೊಂದು. ಸಂಜೆ ಮತ್ತೆ ಅದೇ ದಾರಿ. ಹೀಗೆ ಎಂಟು ವರ್ಷ ಬಂದಿದ್ದರು.

ಅವರ ಉಪಕಾರ ನನ್ನ ಮೇಲೂ ಇತ್ತು. ಹಾಲಿಗೆ ಬೆಲೆ ಸಿಗುವುದು ಅದರಲ್ಲಿರುವ ಕೊಬ್ಬಿನ ಅಂಶದ ಮೇಲೆ. ಅದನ್ನು ಫ್ಯಾಟ್ ಎನ್ನುತ್ತೇವೆ. ಯಂತ್ರ ತೋರಿಸುವ ಅಂಕಿಯನ್ನು ಎಷ್ಟೋ ಜನ ನಂಬುತ್ತಿರಲಿಲ್ಲ, ಸೆಕ್ರೆಟರಿ ಕಡಿಮೆ ಬರೆಯುತ್ತಾನೆ ಎಂಬ ಮಾತಿತ್ತು. ಒಂದು ದಿನ ಮೇಡಂ ಏಳನೇ ತರಗತಿಯ ಮಕ್ಕಳನ್ನು ಡೇರಿಗೆ ಕರೆತಂದು, ದಶಮಾಂಶದ ಪಾಠವನ್ನು ಆ ಯಂತ್ರದ ಮುಂದೆಯೇ ಮಾಡಿದರು. ಮೂರೂವರೆಗೂ ಮೂರು ಪಾಯಿಂಟ್ ಎಂಟಕ್ಕೂ ಏನು ವ್ಯತ್ಯಾಸ, ಅದರಿಂದ ದುಡ್ಡು ಹೇಗೆ ಬದಲಾಗುತ್ತದೆ ಎಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿದರು. ಆಮೇಲೆ ಮಕ್ಕಳೇ ಅಪ್ಪ ಅಮ್ಮಂದಿರಿಗೆ ಡೇರಿಯಲ್ಲಿ ಕೊಡುವ ಫ್ಯಾಟಿನ ಚೀಟಿ ಓದಿ ಹೇಳತೊಡಗಿದರು. ನನ್ನ ಮೇಲಿನ ಮಾತು ತಾನಾಗಿ ನಿಂತಿತು.

ಆ ವರ್ಷ ಒಂದು ಬೆಳಿಗ್ಗೆ, ಹಾಲು ಹಾಕುವವರೆಲ್ಲ ಹೋದ ಮೇಲೆ, ಮೇಡಂ ಡೇರಿಗೆ ಬಂದರು. ತಮಗೆ ಕೆಜಿಎಫ್‌ನ ಶಾಲೆಯೊಂದಕ್ಕೆ ವರ್ಗವಾಗಿದೆ ಎಂದರು. ಯಾರೋ ಮಾಡಿಸಿದ ವರ್ಗವಲ್ಲ, ಅವರೇ ಅರ್ಜಿ ಹಾಕಿ ಪಡೆದದ್ದು. ಇದಕ್ಕೆ ಕೋರಿಕೆ ವರ್ಗಾವಣೆ ಎನ್ನುತ್ತಾರೆ. ಕಾರಣವನ್ನೂ ಹೇಳಿದರು. ಅವರಿಗೆ ಏಳು ವರ್ಷದ ಮಗಳು, ಹೆಸರು ನಿಲಾ. ಹುಟ್ಟಿದಾಗಿನಿಂದ ಕಾಲಿನಲ್ಲಿ ಬಲವಿಲ್ಲ, ಬುದ್ಧಿ ಚುರುಕು. ಮಗುವನ್ನು ಶೌಚಕ್ಕೆ ಎತ್ತಿಕೊಂಡು ಹೋಗಲು ಮನೆಯವರೊಬ್ಬರು ಜೊತೆಗಿದ್ದರೆ ಮಾತ್ರ ಶಾಲೆಗೆ ಸೇರಿಸಿಕೊಳ್ಳುತ್ತೇವೆ ಎಂದು ಎಲ್ಲ ಕಡೆ ಹೇಳಿದ್ದರಂತೆ. ಗಂಡ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ರಾತ್ರಿ. ಅಜ್ಜಿಗೆ ಮಗುವನ್ನು ಎತ್ತಲು ಆಗುತ್ತಿರಲಿಲ್ಲ. ವರ್ಗವಾದ ಶಾಲೆಗೆ ಮನೆಯಿಂದ ಗಾಲಿಕುರ್ಚಿ ತಳ್ಳಿಕೊಂಡೇ ಹೋಗಬಹುದು. ತಾಯಿ ಪಾಠ ಮಾಡುವ ಶಾಲೆಯಲ್ಲೇ ಮಗಳೂ ಕಲಿಯಬಹುದು.

"ನೀವೇ ಊರವರಿಗೆ ಹೇಳಿ ಸಾರ್. ನೀವು ಹೇಳಿದ್ರೆ ಕೇಳ್ತಾರೆ. ನಾನು ಹೇಳೋಕೆ ಹೋದ್ರೆ ಅತ್ತುಬಿಡ್ತೀನಿ" ಎಂದರು.

ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಆ ವಾರ ಹೇಳಲಿಲ್ಲ. ಮುಂದಿನ ವಾರವೂ ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ನನ್ನ ಬಳಿ ದೊಡ್ಡ ಕಾರಣವಿಲ್ಲ. ಅವರು ಹೋಗುವುದು ನನಗೂ ಬೇಡವಾಗಿತ್ತು.

ಅಷ್ಟರಲ್ಲಿ ಸುದ್ದಿ ಬೇರೆ ದಾರಿಯಿಂದ ಊರಿಗೆ ಬಂತು. ಮೇಡಂ ನಮ್ಮ ಶಾಲೆಯಿಂದ ಬಿಡುಗಡೆಯಾಗಬೇಕಿದ್ದ ಹಿಂದಿನ ದಿನ ಬಂಗಾರಪೇಟೆಯಿಂದ ಯಾರೋ ಕೇಳಿಕೊಂಡು ಬಂದರು. ಮರುದಿನ ಬೆಳಿಗ್ಗೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು ಒಬ್ಬರೂ ಸಾಲಿನಲ್ಲಿರಲಿಲ್ಲ. ಪ್ರಭಾವ ಇರುವವರು ಯಾರೋ ನಮ್ಮ ಮೇಡಂನ ಎತ್ತಂಗಡಿ ಮಾಡಿಸಿದ್ದಾರೆ ಎಂದು ಎಲ್ಲರೂ ನಂಬಿದ್ದರು. ಗಂಗಕ್ಕ ಎಂಬಾಕೆ ಎರಡು ಹಸು ಕಟ್ಟಿಕೊಂಡು ಬದುಕುವವಳು. ಅವಳ ಮಗಳನ್ನು ಐದನೇ ತರಗತಿಗೆ ಬಿಡಿಸಿ ಕೂಲಿಗೆ ಕಳಿಸಲು ಹೊರಟಾಗ ಮೇಡಂ ಮೂರು ಸಂಜೆ ಅವಳ ಮನೆಯ ಜಗಲಿಯಲ್ಲಿ ಕೂತು ಮನಸ್ಸು ಬದಲಿಸಿದ್ದರು. ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಳು.

"ಅವ್ರು ಒಂಟೋದ್ರೆ ಮತ್ತೆ ಅಂಥೋರು ಸಿಕ್ತಾರೇನ್ ಸೆಕ್ರೆಟ್ರಣ್ಣ?" ಎಂದು ಗಂಗಕ್ಕ ಕೇಳಿದಳು. "ಇವತ್ತು ಸುಮ್ನಿದ್ರೆ ನಾವು ಅವ್ರುಗೆ ಏನ್ ಮಾಡ್ದಂಗಾಯ್ತು?"

ಪಕ್ಕದಲ್ಲಿದ್ದ ಮುನಿಯಪ್ಪ, "ಸೆಕ್ರೆಟ್ರಿ ಏನ್ ಮಾಡ್ತಾನೆ ಬುಡಮ್ಮಿ, ಫ್ಯಾಟ್ ನೋಡಾದ್ ಬಿಟ್ರೆ ಇವ್ನ್‌ಗೇನ್ ಗೊತ್ತು" ಎಂದು ಚುಚ್ಚಿದ. ಒಂದಿಬ್ಬರು ನಕ್ಕರು.

ಆಗ ಹೇಳಬಹುದಿತ್ತು. ಅವರೇ ಕೇಳಿ ಪಡೆದ ವರ್ಗ, ಅವರಿಗೊಂದು ಮಗುವಿದೆ. ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು ಬೇರೆ. "ಇವತ್ತು ಯಾರೂ ಹಾಲು ಹಾಕ್ಬೇಡಿ. ಹಾಲಿನ್ ಗಾಡಿ ಬರೀದು ವಾಪಸ್ ಓಗ್ಲಿ. ಆಗ ಆಫೀಸ್ರೇ ಓಡ್ಬತ್ತಾರೆ."

ಒಂದು ಊರಿನ ಹಾಲು ಹೋಗದಿದ್ದರೆ ಸುದ್ದಿ ಎಷ್ಟು ಬೇಗ ತಾಲ್ಲೂಕಿಗೆ ಮುಟ್ಟುತ್ತದೆ ಎಂಬುದು ನನ್ನ ಕೆಲಸದಿಂದ ನನಗೆ ಗೊತ್ತಿತ್ತು. ಡೇರಿಯ ಬಾಗಿಲು ಹಾಕಿದೆ. ಗಾಡಿ ಬಂತು, ಖಾಲಿ ಹೋಯಿತು. ಶಾಲೆಯ ಗೇಟಿಗೆ ಬೀಗ ಬಿತ್ತು. ಮುನಿಯಪ್ಪ ನನ್ನ ಬೆನ್ನು ತಟ್ಟಿ, "ಪರ್ವಾಗಿಲ್ಲ ಕಣ್ಲಾ" ಎಂದ. ನನಗೆ ಸಂತೋಷವಾಯಿತು. ಅದನ್ನೂ ಬರೆಯಬೇಕು.

ಮೇಡಂ ಎಂದಿನ ಬಸ್ಸಿಗೇ ಬಂದಿಳಿದರು. ಮಕ್ಕಳು ಓಡಿಹೋಗಿ ಸೀರೆ ಹಿಡಿದುಕೊಂಡವು. ಚಿಕ್ಕ ತರಗತಿಯ ಹುಡುಗಿಯರು ಅಳುತ್ತಿದ್ದರು. ಅವರನ್ನು ನೋಡಿ ತಾಯಂದಿರೂ ಅತ್ತರು. ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಆ ತಲೆಗಳ ಮೇಲಿಂದ ಮೇಡಂ ನನ್ನನ್ನು ನೋಡಿದರು. ನಾನು ಖಾಲಿ ಕ್ಯಾನುಗಳನ್ನು ಸರಿಯಾಗಿ ಜೋಡಿಸತೊಡಗಿದೆ.

ಹನ್ನೊಂದರ ಹೊತ್ತಿಗೆ ಇಲಾಖೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದರು. ಅವರು ಕೆಟ್ಟವರಲ್ಲ. ಎಲ್ಲರ ಮಾತು ಕೇಳಿ, ಕೊನೆಗೆ ಮೇಡಂ ಕಡೆ ತಿರುಗಿ, "ನೀವೇ ಹೇಳಿಬಿಡಿ ಮೇಡಂ. ಇರ್ತೀರೋ, ಹೋಗ್ತೀರೋ?" ಎಂದರು. ಇಡೀ ಊರಿನ ಮುಂದೆ, ಸೀರೆ ಹಿಡಿದ ಮಕ್ಕಳ ನಡುವೆ ಈ ಪ್ರಶ್ನೆ.

ಮೇಡಂ ಬಗ್ಗಿ ಒಂದು ಹುಡುಗಿಯ ಕಣ್ಣೊರೆಸಿದರು. ಆಮೇಲೆ, "ಮಕ್ಕಳು ಅಳೋದು ನಿಲ್ಲಲಿ ಸಾರ್. ಇರ್ತೀನಿ" ಎಂದರು.

ಚಪ್ಪಾಳೆ ಬಿತ್ತು. ಬದಲಿ ಶಿಕ್ಷಕರು ಬರುವವರೆಗೆ ಅವರನ್ನು ಬಿಡುಗಡೆ ಮಾಡುವುದಿಲ್ಲ ಎಂದು ಅಧಿಕಾರಿ ಹೇಳಿದರು. ವರ್ಗವಾದರೂ ಇದ್ದ ಶಾಲೆಯಿಂದ ಬಿಡುಗಡೆ ಸಿಗದೆ ಯಾರೂ ಹೊಸ ಶಾಲೆಗೆ ಸೇರುವಂತಿಲ್ಲ. ಗಂಗಕ್ಕನ ಹಿತ್ತಲಿನ ಸೇವಂತಿಗೆಯಿಂದ ಹೆಂಗಸರು ಒಂದು ಹಾರ ಕಟ್ಟಿದ್ದರು. ಅದನ್ನು ಹಾಕಲು ನನ್ನನ್ನೇ ಮುಂದೆ ತಳ್ಳಿದರು. ಹಾರ ಹಾಕುವಾಗ ಮೇಡಂ ಬಾಯಲ್ಲಿ ತಮಿಳು ಬಂತು. "ಸೊಲ್ಲಲಿಯಾ ಸಾರ್?" ಎಂದು ಮೆಲ್ಲಗೆ ಕೇಳಿದರು. ಹೇಳಲಿಲ್ಲವಾ ಎಂದು ಅದರ ಅರ್ಥ. ನಮ್ಮ ಕಡೆಯವರಿಗೆ ಅಷ್ಟು ತಮಿಳು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಫೋಟೋಗೆ ನಿಂತೆ.

ಬದಲಿ ಶಿಕ್ಷಕರು ಬರಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಮೇಡಂ ಪಾಠದಲ್ಲಿ ಏನೂ ಕಡಿಮೆ ಮಾಡಲಿಲ್ಲ. ನನ್ನ ಜೊತೆ ಮಾತೂ ಬಿಡಲಿಲ್ಲ. ನಮಸ್ಕಾರ ಸಾರ್ ಎನ್ನುತ್ತಿದ್ದರು, ಅಷ್ಟೇ. ಎರಡೂ ಶಿಕ್ಷಕರ ದಿನಾಚರಣೆಗೆ ಡೇರಿಯ ವತಿಯಿಂದ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟೆವು. ಆ ಬುಟ್ಟಿ ಹೊತ್ತು ಅವರು ಎರಡು ಬಸ್ಸು ಹತ್ತಿ ಹೋದರು. ಅವರಿಗೆ ಏನು ಬೇಕು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಗೊತ್ತಿದ್ದವನು ನಾನೊಬ್ಬನೇ.

ಬಿಡುಗಡೆ ಸಿಕ್ಕಾಗ ಅವರು ಮುಖ್ಯ ಶಿಕ್ಷಕರನ್ನು ಬಿಟ್ಟು ಬೇರೆ ಯಾರಿಗೂ ತಿಳಿಸಲಿಲ್ಲ. ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದರು. ಸೋಮವಾರ ಊರಿಗೆ ಗೊತ್ತಾಯಿತು. ಡೇರಿಯ ಮುಂದೆ ಗಂಗಕ್ಕ, "ಅಷ್ಟ್ ಮಾಡಿದ್ವಿ, ಒಂದ್ ಮಾತೇಳ್ದೆ ಓಗ್ಬುಟ್ರಲ್ಲ" ಎಂದು ನೊಂದುಕೊಂಡಳು. ಇನ್ನೂ ಕೆಲವರು ಅದನ್ನೇ ಆಡಿದರು. ನಾನು ಹಾಲಿನ ಮಾದರಿ ತೆಗೆಯುತ್ತಿದ್ದೆ. ಆಗಲೂ ಹೇಳಲಿಲ್ಲ. ಈಗ ಬರೆಯುತ್ತಿರುವುದನ್ನು ನಮ್ಮೂರಿನವರು ಓದಿದರೆ ಅವರಿಗೂ ಇದು ಮೊದಲ ಸಲ.

ನಿವೃತ್ತನಾದ ಮೇಲೆ ಕಳೆದ ವರ್ಷ ಕೋರಮಂಡಲ್‌ಗೆ ಹೋದೆ. ಅವರು ಹತ್ತು ವರ್ಷ ಬಂದ ದಾರಿಯಲ್ಲೇ ಎರಡು ಬಸ್ಸು ಬದಲಿಸಿ ಹೋದೆ. ಗಣಿಯ ಕಾಲದ ಸಾಲುಮನೆ. ಮೇಡಂ ಬಾಗಿಲು ತೆಗೆದು ಒಳಗೆ ಕರೆದರು, ಕಾಫಿ ಕೊಟ್ಟರು. ತಪ್ಪಾಯಿತು ಎಂದೆ. ಅವರು ಖಾಲಿ ಲೋಟ ತೆಗೆದಿಟ್ಟರು. ಈಗ ನನ್ನಿಂದ ಏನಾದರೂ ಆಗಬೇಕಾ ಎಂದು ಕೇಳಿದೆ.

"ಈಗ ಏನೂ ಬೇಡ ಸಾರ್" ಎಂದರು. "ಆಗ ಬೇಕಾಗಿತ್ತು."

ಒಳಕೋಣೆಯಲ್ಲಿ ನಿಲಾ ಗಾಲಿಕುರ್ಚಿಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದಳು. ಅವಳ ವಯಸ್ಸಿನವರು ಆಗ ಐದನೇ ತರಗತಿಯಲ್ಲಿದ್ದರು. ಅವಳು ಎರಡನೆಯದರಲ್ಲಿ, ತನಗಿಂತ ಚಿಕ್ಕ ಮಕ್ಕಳ ಜೊತೆ. ತಲೆಯೆತ್ತಿ ನನ್ನನ್ನು ನೋಡಿ, ಇವರು ಯಾರು ಎಂದು ಅಮ್ಮನನ್ನು ತಮಿಳಿನಲ್ಲಿ ಕೇಳಿದಳು.

ಮೇಡಂ ನನಗೂ ಕೇಳಿಸಲಿ ಎಂದೋ ಏನೋ ಕನ್ನಡದಲ್ಲೇ ಹೇಳಿದರು. "ಅಮ್ಮ ಮೊದಲು ಕೆಲಸ ಮಾಡ್ತಿದ್ದ ಊರಿನ ತಾತ. ಅವರೆಲ್ಲಾ ಅಮ್ಮನ್ನ ತುಂಬಾ ಇಷ್ಟಪಡ್ತಿದ್ರು."

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಲವತ್ತೆರಡು ವರ್ಷ ಡೇರಿಯಲ್ಲಿ ಊರಿನವರ ಮಾತನ್ನು ಮೇಲಿನವರಿಗೆ, ಮೇಲಿನವರ ಮಾತನ್ನು ಊರಿನವರಿಗೆ ಮುಟ್ಟಿಸುವುದೇ ನನ್ನ ಕೆಲಸವಾಗಿತ್ತು. ಮುಟ್ಟಿಸಲೇಬೇಕಾಗಿದ್ದ ಒಂದು ಮಾತನ್ನು ನಾನು ಇಟ್ಟುಕೊಂಡೆ. ಮಕ್ಕಳಿಗೆ ಕಲಿಸಿದವರಿಗೆ ಕೃತಜ್ಞತೆ ತೋರಿಸಬೇಕು ಎನ್ನುವವರು ಹಾರ ತರುವ ಮುಂಚೆ ಅವರನ್ನು ಒಬ್ಬರನ್ನೇ ಪಕ್ಕಕ್ಕೆ ಕರೆದು, ನಿಮಗೆ ಏನಾಗಬೇಕು ಎಂದು ಕೇಳಿ. ಹೋಗಬೇಕು ಎಂದು ಅವರು ಹೇಳಿದರೆ, ಅಳು ಬಂದರೂ ಗೇಟು ತೆಗೆಯಿರಿ.