ಅವ್ವನ ಹುಳಿನೀರಿನ ಗಡಿಗೆ

ರಾಯದುರ್ಗದ ನನ್ನ ತವರಿನಲ್ಲಿ ಒಲೆಯ ಮಗ್ಗುಲಿಗೆ ಒಂದು ಮಣ್ಣಿನ ಗಡಿಗೆ ಇರುತ್ತಿತ್ತು. ದಿನಾ ಅಕ್ಕಿ ತೊಳೆದ ನೀರನ್ನು ಅವ್ವ ಅದಕ್ಕೆ ಸುರಿಯುತ್ತಿದ್ದಳು. ಅದು ಹುಳಿಯಾಗುತ್ತಿತ್ತು. ಬೆಳಿಗ್ಗೆ ಆ ನೀರನ್ನೇ ಕುದಿಸಿ, ಜೋಳದ ಹಿಟ್ಟು ಹಾಕಿ ಅಂಬಲಿ ಕಾಯಿಸುವುದು. ಗಡಿಗೆಯನ್ನು ಪೂರ್ತಿ ಬರಿದು ಮಾಡುವಂತಿಲ್ಲ. ತಳದ ಹಳೆಯ ನೀರೇ ಹೊಸದನ್ನು ಹುಳಿ ಮಾಡಬೇಕು. ಅಜ್ಜಿಯ ಊರು ಭೈರವಾನಿತಿಪ್ಪದ ಕಡೆ. ಅವ್ವ ಮದುವೆಯಾಗಿ ಬರುವಾಗ ಅಜ್ಜಿಯ ಗಡಿಗೆಯಿಂದ ಒಂದು ಚೊಂಬು ಹುಳಿನೀರು, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು, ಜೊತೆಗೇ ಬಂದಿತ್ತಂತೆ.

ನಾನು ಮಡಕಶಿರಕ್ಕೆ ಸೊಸೆಯಾಗಿ ಹೋದವಳು. ಅಲ್ಲಿ ರಾಗಿಮುದ್ದೆ, ಬಸ್ಸಾರು. ಒಮ್ಮೆ ತವರಿಗೆ ಬಂದಾಗ, ಕಾನ್ವೆಂಟಿನಲ್ಲಿ ಓದುವಾಗ ಕಲಿತ ಅಚ್ಚುಕಟ್ಟಿನಲ್ಲಿ, ಹಿಟ್ಟಿಷ್ಟು ನೀರಿಷ್ಟು ಎಂದು ಅಂಬಲಿಯ ಅಳತೆ ಬರೆದುಕೊಳ್ಳುತ್ತಿದ್ದೆ. ಅವ್ವ ನಕ್ಕಳು.

"ಎಲ್ಲಾ ಬರ್ಕೊಂಡಿ. ಗಡಿಗಿ ಹೆಂಗ ಬರ್ಕೊಂತೀಯವ್ವಾ?"

ಅವ್ವ ತೀರಿಕೊಂಡದ್ದು ಹೋದ ವರ್ಷ. ಸೂತಕ ಕಳೆಯುವ ದಿನ ಮನೆ ತೊಳೆದು, ಅಡುಗೆಮನೆಯ ಮಣ್ಣಿನ ಪಾತ್ರೆಗಳನ್ನೆಲ್ಲ ಹೊರಗೆ ಹಾಕುವುದು ನಮ್ಮಲ್ಲಿ ಪದ್ಧತಿ. ನೆಂಟರ ಗದ್ದಲದ ನಡುವೆ ನಾನು ಒಳಗೆ ಹೋಗಿ ನೋಡಿದರೆ, ಒಲೆಯ ಪಕ್ಕ ಗಡಿಗೆ ಕೂತು ಕೂತು ಆಗಿದ್ದ ಗುಂಡನೆಯ ತಗ್ಗು ಮಾತ್ರ ಇತ್ತು. ಅದರಲ್ಲಿ ಮನೆ ತೊಳೆದ ನೀರು ನಿಂತಿತ್ತು.

"ಗಡಿಗಿ ಎಲ್ಲಿ?" ಅಂದೆ.

"ತಿಪ್ಪಿಗೆ ಹೋತ್ರಿ ಅಕ್ಕಾ," ಎಂದಳು ತಮ್ಮನ ಹೆಂಡತಿ. "ಸೂತಕದ್ದು ಮನ್ಯಾಗ ಇಟ್ಕೊಂತಾರೇನ್ರಿ?"

ಅವಳು ಹೇಳಿದ್ದು ಸರಿಯೇ. ಮೊದಲೇ ಒಂದು ಚೊಂಬು ನೀರು ಬಗ್ಗಿಸಿ ಪಕ್ಕದ ಮನೆಯಲ್ಲಿ ಇಡಬಹುದಿತ್ತು. ಅಂಥ ಹೊತ್ತಿನಲ್ಲಿ ಯಾರಿಗೆ ನೆನಪಾಗುತ್ತದೆ?

ಆಮೇಲೆ ಅಪ್ಪ ಬೆಳಗಿನ ಅಂಬಲಿ ಬಿಟ್ಟರು. ಮೊಸರು ಕಲಸಿ ಹುಳಿ ಮಾಡಿಕೊಟ್ಟರೆ ಲೋಟ ಮುಟ್ಟುತ್ತಿರಲಿಲ್ಲ. ಇಡ್ಲಿ ಒಲ್ಲೆ, ಉಪ್ಪಿಟ್ಟು ಒಲ್ಲೆ. ಅಂಗಿಯ ತೋಳೊಳಗೆ ಕೈ ಕಡ್ಡಿಯಂತಾಗಿತ್ತು. ಅದನ್ನು ನೋಡಲಾರದೆ ನಾನು ತವರಲ್ಲೇ ಉಳಿದು, ಸಂತೆಯಿಂದ ಹೊಸ ಗಡಿಗೆ ತಂದು ಅಕ್ಕಿ ತೊಳೆದ ನೀರು ತುಂಬುತ್ತ ಬಂದೆ. ವಾಸನೆ ಏರಿದ ಮೇಲೆ, ಬರೆದುಕೊಂಡ ಅಳತೆಗೆ ತಪ್ಪದಂತೆ ಅಂಬಲಿ ಕಾಯಿಸಿದೆ. ಮೇಲೆ ಹಸಿ ಈರುಳ್ಳಿ, ಅವ್ವ ಹೆಚ್ಚುತ್ತಿದ್ದಷ್ಟೇ ದಪ್ಪಕ್ಕೆ.

ಅಪ್ಪ ಒಂದು ಗುಟುಕು ಕುಡಿದರು. ಇನ್ನೊಂದು.

"ಚೊಲೋ ಆಗೈತವ್ವಾ."

"ಅವ್ವನ ಅಂಬಲಿಯಂಗ ಐತಾ ಅಪ್ಪಾ?"

"ಇದು ಮೆತ್ತಗೈತಿ. ಆಕೀದು ನಾಲಿಗಿ ಕಡೀತಿತ್ತು." ಲೋಟ ಕೆಳಗಿಟ್ಟರು. "ದಿನಾ ಮಾರಿ ಕಿವುಚಿ ಕುಡೀತಿದ್ದೆ. ಏನ್ ಹುಳಿನೇ ಇದು, ಹಲ್ಲು ಉದುರ್ತಾವ ಅಂತಿದ್ದೆ. ಚೆಂದೈತಿ ಅಂತ ಒಂದ್ಸಲನೂ ಅನಲಿಲ್ಲ ನೋಡು."

ಅರ್ಧ ಲೋಟ ಹಾಗೇ ಉಳಿದಿತ್ತು. ತಮ್ಮನ ಹೆಂಡತಿ ಒಯ್ಯಲು ಬಂದಾಗ ಅಪ್ಪ ಲೋಟದ ಬಾಯಿಗೆ ಅಂಗೈ ಮುಚ್ಚಿದರು.

"ಇರ್ಲಿ ಬಿಡವ್ವಾ," ಅಂದರು. ಆದರೆ ಕುಡಿಯಲಿಲ್ಲ.